ಹದಿನಾಲ್ಕು ಗುಳಿ

ವಸಂತನರಸಾಪುರದ ಮೂರನೇ ಕ್ರಾಸಿನ ಶೆಡ್ಡಿನಲ್ಲಿ
ನಾವು ಪಂಪು ಜೋಡಿಸುತ್ತೇವೆ.
ಏಳು ಬೋಲ್ಟು, ಏಳು ವಾಷರು,
ಮುಚ್ಚಳ, ಮೇಲೊಂದು ಬಳಿ ನೀಲಿ ಬಣ್ಣ.
ಲೆಕ್ಕ ಇಷ್ಟೇ.

ಆದರೂ ಆ ವರ್ಷ ವಾಪಸು ಬಂದವು,
ಹಿರಿಯೂರಿಂದ, ಗೌರಿಬಿದನೂರಿಂದ,
ಶಾಲೆಯಿಂದ ಮನೆಗಟ್ಟಿದ ಹುಡುಗರ ಹಾಗೆ
ಮೂಗು ಸೋರಿಸಿಕೊಂಡು.
ಬಿಚ್ಚಿದರೆ ಪ್ರತಿಸಲ ಅದೇ:
ವಾಷರು ಆರು.

ಏಳನೆಯದು ಎಲ್ಲಿ?
ಕೇಳುವುದೇ ನನ್ನ ಕೆಲಸ.
ಎದೆಯ ಮೇಲೆ ಕ್ವಾಲಿಟಿ ಎಂಬ ಬಿಲ್ಲೆ, ಕಂಕುಳಲ್ಲಿ ಫೈಲು.
ಲೈನಿನುದ್ದಕ್ಕೂ ನಡೆದೆ, ಹೆಗಲು ತಟ್ಟಿ ತಟ್ಟಿ ಕೇಳಿದೆ,
ಗೋಡೆಗೆ ಬೋರ್ಡು ಬರೆಸಿದೆ: ತಪ್ಪು ಮಾಡಬೇಡಿ.
ತಪ್ಪಿಗೆ ಓದು ಬಾರದೋ ಏನೋ,
ಬೋರ್ಡಿನ ಕೆಳಗೇ ಆಗುತ್ತಿತ್ತು.

ಪುಣೆಯಿಂದ ಇಬ್ಬರು ಬಂದರು.
ಪರದೆಯ ಮೇಲೆ ಬಾಣ, ವೃತ್ತ, ಮತ್ತೆ ಬಾಣ;
ಕೊನೆಯ ಬಾಣ ಒಂದು ಕ್ಯಾಮೆರಾಕ್ಕೆ ಹೋಗಿ ನಾಟಿತು.
ಹನ್ನೊಂದು ಲಕ್ಷ, ತೆರಿಗೆ ಬೇರೆ.
ಮ್ಯಾನೇಜರು ರೇಣುಕಾರಾಧ್ಯರು
ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ತರಿಸಿ ಬಡಿಸಿ
ಯೋಚನೆ ಮಾಡ್ತೀವಿ ಎಂದರು.

ಮಾರನೆಯ ದಿನ ಕೆಂಪರಂಗಮ್ಮ,
ಐದನೇ ಮೇಜು, ಕೋರಾ ಕಡೆಯವಳು,
ಊಟದ ಚೀಲದಲ್ಲಿ ಅಳಗುಳಿ ಮಣೆ ತಂದಳು.
ಗೇಟಿನವನು ಹಿಡಿದ: ಆಟದ ಸಾಮಾನು ಒಳಗೆ ಬಿಡೋ ಹಾಗಿಲ್ಲ.
"ಆಟ ಅಲ್ಲಪ್ಪ, ಲೆಕ್ಕ."

ಹಲಸಿನ ಮರದ್ದು, ಅತ್ತೆಯ ಕಾಲದ್ದು,
ಬೆರಳು ಆಡಿ ಆಡಿ ಅಂಚು ಸವೆದದ್ದು.
ಆ ಕಡೆ ಏಳು ಗುಳಿ, ಈ ಕಡೆ ಏಳು.
ಬೋಲ್ಟು ಒಂದೊಂದು ಆ ಸಾಲಿಗೆ,
ವಾಷರು ಒಂದೊಂದು ಈ ಸಾಲಿಗೆ,
ಆಮೇಲೆ ಪಂಪಿಗೆ ಕೈ.
ಮುಗಿದಾಗ ಗುಳಿಯಲ್ಲಿ ಏನಾದರೂ ಕೂತಿದ್ದರೆ
ಪಂಪಿಗೆ ಅದು ಸೇರಿಲ್ಲ.
"ಖಾಲಿ ಗುಳಿ ಸವರಿದೋರು ಗೆದ್ದ ಹಾಗೆ, ಅಲ್ವಾ ಸಾರ್?"
ಸವರಿ ತೋರಿಸಿದಳು. ಬೆರಳಿಗೆ ಗ್ರೀಸು.

ನಾನು ನಗಲಿಲ್ಲ. ನಗುವವನಿದ್ದೆ.

ನಾಲ್ಕು ದಿನ ಪಕ್ಕದಲ್ಲಿ ಸ್ಟೂಲು ಹಾಕಿ ಕೂತೆ.
ಪಂಪು ಮುಗಿದಾಗಲೆಲ್ಲ ಮಣೆ ಬರಿದು.
ಐದನೆಯ ದಿನ, ಹನ್ನೊಂದೂಕಾಲಿಗೆ,
ಈ ಸಾಲಿನ ಮೂರನೇ ಗುಳಿಯಲ್ಲಿ ಒಂದು ವಾಷರು
ಕಣ್ಣು ಬಿಟ್ಟುಕೊಂಡು ಕೂತಿತ್ತು.
ಅವಳು ಮೊದಲು ಅದನ್ನು ನೋಡಿದಳು,
ಆಮೇಲೆ ನನ್ನನ್ನು.

"ಈಗ ತಾನೇ ನೀವು ಕೇಳಿದ್ರಲ್ಲ ಸಾರ್,
ನಿನ್ನೆದು ಎಷ್ಟಾಯ್ತು ಅಂತ.
ಹೇಳೋಕೆ ತಲೆ ಎತ್ತಿದೆ,
ಕೈ ಮುಂದಕ್ಕೆ ಹೋಯ್ತು."

ಅಷ್ಟೇ ಅಂದದ್ದು. ಮತ್ತೆ ಸ್ಪ್ಯಾನರು ಎತ್ತಿಕೊಂಡಳು.

ಆ ರಾತ್ರಿ ಹಳೆಯ ಫೈಲು ಬಿಚ್ಚಿದೆ.
ವಾಪಸು ಬಂದ ಪಂಪಿನ ನಂಬರು, ಜೋಡಿಸಿದ ದಿನ, ಗಂಟೆ.
ಇನ್ನೊಂದು ಹಾಳೆಯಲ್ಲಿ ನನ್ನದೇ ಕೈಬರಹ:
ಲೈನ್ ಪರಿಶೀಲನೆ ನಡೆಸಲಾಯಿತು.
ದಿನ ಅದೇ. ಗಂಟೆ ಅದೇ.
ಹದಿನೇಳರಲ್ಲಿ ಹದಿಮೂರು ಸಲ.
ಏಳನೆಯ ವಾಷರು ಇಷ್ಟು ದಿನ
ನನ್ನ ಬಾಯಲ್ಲಿತ್ತು.

ಈಗ ಏನು ಕೇಳುವುದಿದ್ದರೂ ಟೀ ಹೊತ್ತಿಗೆ,
ಹೊರಗೆ, ಹೊಂಗೆಯ ನೆರಳಲ್ಲಿ.
ಕ್ಯಾಮೆರಾ ಬರಲಿಲ್ಲ. ನನ್ನ ಬೋರ್ಡನ್ನು ನಾನೇ ಇಳಿಸಿದೆ,
ಅದರ ಹಿಂಬದಿ ಕ್ಯಾಂಟೀನಿನ ಮೆನುವಿಗೆ ಆಯಿತು.
ಮೇಜಿಗೊಂದು ಹಳದಿ ಪ್ಲಾಸ್ಟಿಕ್ ತಟ್ಟೆ,
ಹದಿನಾಲ್ಕು ಗುಳಿ, ಅಂತರಸನಹಳ್ಳಿಯಲ್ಲಿ ಅಚ್ಚು ಹಾಕಿಸಿದ್ದು,
ಒಂದಕ್ಕೆ ನಲವತ್ತೆರಡು ರೂಪಾಯಿ.
ಡ್ರಾಯಿಂಗಿನ ಮೂಲೆಯಲ್ಲಿ ಒಂದು ಚೌಕ: ರೂಪಿಸಿದವರು.
ಕೆಂಪರಂಗಮ್ಮ, ಐದನೇ ಮೇಜು, ಎಂದು ಬರೆದೆ.
ಕಂಪ್ಯೂಟರು ಎಂಪ್ಲಾಯಿ ನಂಬರು ಕೇಳಿತು.
ಕಾಂಟ್ರಾಕ್ಟಿನವರಿಗೆ ನಂಬರಿಲ್ಲ.
ಮೂರು ಸಲ ಕಳಿಸಿದೆ, ಮೂರು ಸಲವೂ ಮರಳಿತು.
ಆ ಒಂದು ಗುಳಿ ಇನ್ನೂ ಖಾಲಿ.

ಮಣೆ ಮನೆಗೆ ಹೋಯಿತು.
ಹುಣಸೆಬೀಜಕ್ಕೆಲ್ಲ ಮಿಷಿನ್ ವಾಸನೆ ಅಂತ
ನಾದಿನಿ ಬೈದಳಂತೆ.