ಐದನೇ ಕಿಸೆ

ಇಪ್ಪತ್ತೆರಡು ವರ್ಷದಿಂದ ಕಿಸೆ ಹೊಲೀತಿದೀನಿ.
ಬರೀ ಹಿಂದಿನ ಕಿಸೆ. ಎಡದ್ದು, ಬಲದ್ದು.
ಸೊಂಟಪಟ್ಟಿ ಹುಲಿಗೆಮ್ಮಂದು, ಜಿಪ್ಪು ಮಸ್ತಾನಂದು,
ಲೂಪು ಹಚ್ಚೋಳು ಮೊನ್ನೆ ಬಂದ ಹುಡುಗಿ, ಇನ್ನೂ ಹೆಸರು ಕೇಳಿಲ್ಲ.
ಪೂರ್ತಿ ಪ್ಯಾಂಟು ಆಗೋ ಹೊತ್ತಿಗೆ
ಅದು ನನ್ನ ಕೈ ದಾಟಿ, ಓಣಿ ದಾಟಿ,
ವಾಷಿಂಗಿಗೆ ಹೋಗಿ, ಬಣ್ಣ ಬಿಟ್ಟು,
ಯಾವ ಊರಿನ ಯಾರ ಕುಂಡಿಗೋ.

ನಗಬ್ಯಾಡ್ರಿ. ಖರೇನೇ ಅದು.

ಕೌಲ್ ಬಜಾರಿನ ಈ ಅಟ್ಟದ ಮ್ಯಾಲೆ
ಏಪ್ರಿಲ್ಲಿನ ಮಧ್ಯಾಹ್ನ ಫ್ಯಾನು
ಇದ್ದ ಬಿಸಿಯನ್ನೇ ಒಬ್ಬರಿಂದ ಒಬ್ಬರಿಗೆ ಹಂಚತೈತೆ.
ಅಂಥಾ ಹೊತ್ತಿಗೆ ಸಂಘದ ಮೇಡಮ್ಮು ಬಂದಳು,
ಸಣ್ಣ ವಯಸ್ಸು, ಕೈಯಾಗೆ ನೀರಿನ ಬಾಟ್ಲಿ, ಫಾರಮ್ಮು.
“ಐದು ವರ್ಷದ ಮ್ಯಾಲೆ ಎಲ್ಲಿರ್ತೀರಿ, ಗಾದೆಮ್ಮಾ?”
“ಇದೇ ಫ್ಯಾನಿನ ಕೆಳಗೆ.”
“ನಿಮ್ಮ ಗುರಿ?” ಮೂರು ಖಾಲಿ ಗೆರೆ ತೋರಿಸಿದಳು.
ಮಗಳ ಮದುವೆ ಅಂದೆ. ಅದು ಮಗಳದ್ದು ಅಂದಳು.
ತಗಡು ತೆಗೆದು ಆರ್‌ಸಿಸಿ ಹಾಕಿಸೋದು ಅಂದೆ. ಅದು ಮನೇದು ಅಂದಳು.
ಆಮ್ಯಾಲೆ ನನ್ನ ಬಾಯಿ ಒಣಗಿತು.
ಅವಳ ಬಾಟ್ಲಿಯನ್ನೇ ಇಸಕೊಂಡು ಕುಡಿದೆ.

ನಮ್ಮಲ್ಲಿ ಸೈಜಿನ ಲೇಬಲ್ಲು ಇಪ್ಪತ್ತೆಂಟರಿಂದ ಸುರು.
ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು, ಕಟ್ಟುಗಟ್ಟಲೆ.
ಇಪ್ಪತ್ತೆಂಟರಾಗೆ ನಾನೂ ಕಟ್ಟಿನಾಗೇ ಇದ್ದೆ,
ಎಲ್ಲರಿಗೂ ಆಗೋ ಅಳತೆ, ಎಲ್ಲರಿಗೂ ಬರೋ ಕಷ್ಟ.
ಮೂವತ್ತಾರಕ್ಕೆ ಕಟ್ಟು ಸಣ್ಣದಾಗತೈತೆ.
ನಲವತ್ತು ದಾಟಿದ್ದು ಬಿಸ್ಕೀಟಿನ ಡಬ್ಬಿಯಾಗೆ
ನಾಕೈದು ಬಿದ್ದಾವೆ, ಎಣ್ಣೆ ಜಿಡ್ಡು ಹಿಡಿದು.
“ಆ ಸೈಜಿಗೆ ಆರ್ಡರು ಬರಲ್ಲಕ್ಕ” ಅಂತಾನೆ
ಕಟಿಂಗ್ ಮಾಸ್ತರು ಎರ್ರಿಸ್ವಾಮಿ,
“ಬಂದು ಕೇಳಿದೋರಿಗೆ ಅವರದೇ ಅಳತೆ ತಗೊಂಡು ಕತ್ತರಿಸಬೇಕು.”

ನನಗೀಗ ನಲವತ್ತಾರು.

ಹೇಳೋಕೆ ನಾಚಿಕೆ.
ಮಾರನೇ ದಿನ ಮಿರ್ಚಿ-ಮಂಡಕ್ಕಿ ಹೊತ್ತಿನಾಗೆ
ಎರ್ರಿಸ್ವಾಮಿ ಕಿವಿಯಾಗೆ ಹೇಳಿದೆ:
ಒಂದು ಪೂರ್ತಿ ಪ್ಯಾಂಟು. ನನ್ನ ಕೈಯಿಂದ. ನನಗೆ.
ಅವನು ಮಿರ್ಚಿ ಕೆಳಗಿಟ್ಟ. “ಸೊಂಟ ಎಷ್ಟು?”
ಲಕ್ಷ ಸೊಂಟದ ಹಿಂದೆ ಕಿಸೆ ಹಚ್ಚಿದೋಳಿಗೆ
ನನ್ನದು ಎಷ್ಟಂತ ಗೊತ್ತಿರಲಿಲ್ಲ.
ಪಾಯಿಖಾನೆ ಬಾಗಿಲು ಹಾಕ್ಕೊಂಡು ಟೇಪು ಸುತ್ತಿದೆ.
ಮೂವತ್ತೆಂಟು. ಎರಡು ಸಲ ಅಳೆದೆ, ಉಸಿರು ಹಿಡಿದೊಮ್ಮೆ, ಬಿಟ್ಟೊಮ್ಮೆ.

ಐದು ವಾರ ಹಿಡೀತು.
ಉಳಿದ ಬಟ್ಟೆ ಒಂದೇ ಥಾನಿನದಲ್ಲ:
ಬಲಗಾಲು ಕತ್ತಲು ನೀಲಿ, ಎಡಗಾಲು ಹೊತ್ತು ಏರಿದ ನೀಲಿ.
ಜಿಪ್ಪು ಕಲಿಸೋಕೆ ಮಸ್ತಾನ ಪಟ್ಟ ಪಾಡು ಅಷ್ಟಿಷ್ಟಲ್ಲ.
“ಹಿಂದಿನ ಕಿಸೆ ಕಣ್ಣು ಮುಚ್ಚಿ ಹೊಲೀತೀಯಲ್ಲಾ” ಅಂದ,
“ಇಲ್ಲಿ ಕಣ್ಣು ಬಿಡು.”
ಮೂರು ಸೂಜಿ ಮುರೀತು. ಒಂದು ಬೆರಳಿಗೇ ಹೋಯ್ತು.
ಇಪ್ಪತ್ತೆರಡು ವರ್ಷದಾಗೆ ಆಗದ ಗಾಯ,
ಹೊಸಬರಿಗೆ ಆಗೋ ಗಾಯ.
ಬೆರಳು ಬಾಯಾಗಿಟ್ಟುಕೊಂಡು ನಕ್ಕೆ ಯಾಕೋ.

ಹಿಂದಿನೆರಡು, ಮುಂದಿನೆರಡು, ಆಮ್ಯಾಲೆ ಐದನೇದು,
ಬಲಗಡೆ ಕಿಸೆಯ ಒಳಗೊಂದು ಪುಟ್ಟ ಕಿಸೆ,
ಎರಡು ಬೆರಳು ಹಿಡಿಯೋವಷ್ಟು.
ಏನು ಇಡೋಕೆ ಇದು? ಕೇಳಿದೆ.
ಗಡಿಯಾರಕ್ಕೆ ಅಂದಳು ಹುಲಿಗೆಮ್ಮ, ಚಿಲ್ಲರೆಗೆ ಅಂದ ಮಸ್ತಾನ.
ಯಾರಿಗೂ ಖಾತ್ರಿ ಇಲ್ಲ. ಆದ್ರೂ ಯಾರೂ ಬಿಡಂಗಿಲ್ಲ ಅದನ್ನ.

ಮೇಡಮ್ಮು ಮತ್ತೆ ಬಂದಳು. ತೋರಿಸಿದೆ.
“ಇದರಿಂದ ಆದಾಯ ಎಷ್ಟು ಜಾಸ್ತಿ ಆಗತ್ತೆ?”
ಆಗಲ್ಲ ಅಂದೆ.
ಪೆನ್ನು ಎತ್ತಿದ್ದೋಳು ಸುಮಾರು ಹೊತ್ತು ಹಂಗೇ ಕುಂತಳು.
ಏನು ಬರೆದಳೋ, ನನಗೆ ಓದೋಕೆ ಬರಲ್ಲ.
ಅದು ಎರಡನೇ ಗೆರೆಗೆ ಇಟ್ಟೀನಿ.

ರಾತ್ರಿ ತಗಡಿನ ಮನೆ ಬಿಟ್ಟು, ಎದುರಿನ ಮಾಳಿಗೆ ಹತ್ತಿ,
ಉದ್ದ ಅಂಗಿ ಕೆಳಗೆ ಹಾಕ್ಕೊಂಡು ನಿಂತೆ.
ಒಂದೇ ಕಲ್ಲಿನ ಗುಡ್ಡ, ಹಗಲೆಲ್ಲ ಕುಡಿದ ಬಿಸಿಲನ್ನ
ಕತ್ತಲಿಗೆ ಸಾವಕಾಶ ವಾಪಸು ಕೊಡ್ತಿತ್ತು.
ಸೀರೆಗೆ ಕಿಸೆ ಇಲ್ಲ, ನೈಟಿಗೂ ಇಲ್ಲ.
ಹುಟ್ಟಿ ನಲವತ್ತಾರು ವರ್ಷಕ್ಕೆ
ನನ್ನ ಕೈ ನನ್ನ ಕಿಸೆಯಾಗೆ ಹೋಯ್ತು.
ಬೆಚ್ಚಗಿತ್ತು. ಒಂದು ದಾರದ ತುದಿ ಸಿಕ್ಕಿತು.

ಗೂಡ್ಸ್ ಆಟೋ ನಿಲ್ಲಿಸಿ ಗಂಡ ಮ್ಯಾಲೆ ನೋಡಿದ.
“ಏನೇ ಅದು? ಕಾಲೆರಡೂ ಬ್ಯಾರೆ ಬ್ಯಾರೆ ಬಣ್ಣ!”
ಹೌದು ಅಂದೆ.
ಜಿಪ್ಪೂ ಚೂರು ಸೊಟ್ಟಗೈತೆ,
ಐತವಾರ ಬಿಚ್ಚಿ ಮತ್ತೆ ಹಚ್ಚಬೇಕು.