ಎರಡೂವರೆ ಕಿಲೋ ಸವಾರ

ಶಹಾನಿಯಾದ ಒಂಟೆ ಸೂಕಿನಲ್ಲಿ, ಹಗ್ಗ ಮಾರುವವನ ಪಕ್ಕ,
ನನ್ನ ಅಂಗಡಿ. ನನ್ನದೆಂದರೆ ಅರಬಾಬನದು,
ಬೆಸುಗೆ ಕಡ್ಡಿ ಮಾತ್ರ ನನ್ನದು.
ಗೋಡೆಯ ಮೊಳೆಗಳಲ್ಲಿ ಸವಾರರು ತೂಗುತ್ತಾರೆ:
ಡ್ರಿಲ್ ಮೆಷಿನ್ನಿನ ಹೊಟ್ಟೆ, ಒಂದೇ ಕೈ, ಕೈಯಲ್ಲಿ ಚಾಟಿ,
ಎದೆಯ ಜಾಗದಲ್ಲಿ ಸ್ಪೀಕರು,
ಮೇಲೆ ಮಾಲೀಕರ ಬಣ್ಣದ ರೇಷ್ಮೆ ಅಂಗಿ.

ಮೊದಲು ಈ ಕೆಲಸಕ್ಕೆ ಮಕ್ಕಳಿದ್ದರು.
ನಾನು ನೋಡಿದವನಲ್ಲ. ಹಳೆಯ ಟ್ರಂಕಿನ ತಳದಲ್ಲಿ
ಒಂದು ಅಂಗಿ ಸಿಕ್ಕಿತ್ತು, ನಾಲ್ಕೈದು ವರ್ಷದವನದು.
ಒಂದು ತೋಳು ಕತ್ತರಿಸಿದೆ,
ರೋಬೋಟಿಗೆ ಸರಿಯಾಗಿ ಕೂತಿತು.

ನಿನ್ನೆ ಯೂನಿವರ್ಸಿಟಿಯಿಂದ ಇಖ್ಲಾಸ್ ಮೇಡಂ ಬಂದರು,
ಜೊತೆಗೆ ಬೇರೂತಿನ ಹುಡುಗ ವಾಇಲ್, ಕೊರಳಲ್ಲಿ ಕ್ಯಾಮೆರಾ.
ಕರಕ್ ಚಾ ತರಿಸಿದೆ. ಹಾಲಿದೆ ಎಂದು ಅವನು ಮುಟ್ಟಲಿಲ್ಲ.
ಸುಲೈಮಾನಿ ತರಿಸಿದೆ.
ಅಷ್ಟರಲ್ಲಿ ನನ್ನ ಸ್ಕ್ರೂ ಡಬ್ಬಿಗಳ ನಡುವೆ
ಅವರಿಬ್ಬರ ಜಗಳ ಶುರುವಾಗಿತ್ತು.

ಬಿಡಿಸಬೇಕು, ಅಷ್ಟೆ, ಎಂದ ಅವನು.
ಮಾಂಸ, ಹಾಲು, ಓಟ ಎಲ್ಲ ಒಂದೇ ಜೈಲಿನ ಕೋಣೆಗಳು.
ಬಿಡಿಸಿ ಎಲ್ಲಿಗೆ ಅಟ್ಟುತ್ತೀ, ಹೆದ್ದಾರಿಯ ಟ್ರಕ್ಕಿನ ಬಾಯಿಗೋ?
ಸ್ವಾತಂತ್ರ್ಯ ಅನ್ನುವ ಪದವನ್ನೇ ಮೊದಲು ಬಿಚ್ಚಿ ನೋಡಬೇಕು, ಎಂದರು ಅವರು.
ನಾನು ಆಗ ಗೇರ್ ಬಾಕ್ಸ್ ಬಿಚ್ಚುತ್ತಿದ್ದೆ.
ನೀವು ಬಿಚ್ಚಿ ಮುಗಿಸುವಷ್ಟರಲ್ಲಿ ಒಂಟೆ ಸತ್ತಿರುತ್ತದೆ.
ಮಗು ಇಳಿಯಿತೆಂದು ಎಲ್ಲರೂ ಚಪ್ಪಾಳೆ ತಟ್ಟಿದೆವು, ವಾಇಲ್,
ಯಾರ ಬೆನ್ನಿಂದ ಇಳಿಯಿತೆಂದು ಕೇಳಲಿಲ್ಲ.

ಸ್ಕ್ರೂ ಒಂದು ಕೈಜಾರಿ ಉರುಳಿತು. ಹುಡುಕಿದೆ.

ಹುಡುಗ ನನ್ನತ್ತ ತಿರುಗಿದ:
ನೀವೂ ಅದೂ ಒಂದೇ ಸರಪಳಿಯ ಕೊಂಡಿಗಳಲ್ಲವೆ?
ಚಾಟಿ ಎಷ್ಟು ಜೋರು ಸುತ್ತಬೇಕೆಂದು ಹೊಂದಿಸುವವನು ನಾನು, ಎಂದೆ,
ಬೇಕಿದ್ದರೆ ಅದನ್ನು ಬರೆದುಕೊಳ್ಳಿ.
ಮೇಡಂ ನನ್ನ ಮುಂಗೈಯ ಬಾಸುಂಡೆ ನೋಡುತ್ತಿದ್ದರು.
ಯಾರು ಹೊಡೆದದ್ದು?
ಯಾರೂ ಅಲ್ಲ, ಟೆಸ್ಟಿಂಗ್.
ಒಂಟೆಗೆ ಕಟ್ಟುವ ಮೊದಲು ಇಲ್ಲೊಮ್ಮೆ ನೋಡಬೇಕಾಗುತ್ತದೆ.
ಅವರು ಬಹಳ ಹೊತ್ತು ಬರೆದರು.

ಐತಜ್ಜನ ವಿಷಯ ನಾನು ಹೇಳಲಿಲ್ಲ.
ಕಂಬಳದ ಹಿಂದಿನ ರಾತ್ರಿ ಡೋಲು ಬಡಿಸಿ
ನಮ್ಮವರನ್ನು ಕೆಸರಿಗಿಳಿಸಿ ಓಡಿಸುತ್ತಿದ್ದರು,
ಮುಳ್ಳಿದ್ದರೆ, ಗಾಜಿದ್ದರೆ,
ಗೊರಸಿಗಿಂತ ಮೊದಲು ಪಾದಕ್ಕೆ ಗೊತ್ತಾಗಲಿ ಎಂದು.
ಅಜ್ಜನ ಹಿಮ್ಮಡಿಯ ಕಲೆಯನ್ನು ನಾನು ಮುಟ್ಟಿ ನೋಡಿದ್ದೇನೆ.
ಆಚೆ ಕೊಟ್ಟಿಗೆಯಲ್ಲಿ ಕೋಣಗಳಿಗೆ ಹುರುಳಿ ಬೇಯುವ ವಾಸನೆ,
ಹಸಿದವನ ಮೂಗಿಗೆ ಅದು ಎಷ್ಟು ದೂರದಿಂದ ಬರುತ್ತದೆ ಗೊತ್ತೇ, ಅನ್ನುತ್ತಿದ್ದ.
ಕೋಣವನ್ನು ಬೈದದ್ದಿಲ್ಲ. ಅದಕ್ಕೂ ಬೆಳಿಗ್ಗೆ ಬಾರುಕೋಲು ಕಾದಿತ್ತಲ್ಲ.
ಒಮ್ಮೆ ಮಾತ್ರ, ಕಳ್ಳು ಕುಡಿದಿದ್ದಾಗ,
ಅದರ ಗೊರಸಿಗಿದ್ದ ಬೆಲೆ, ಎಂದು ಶುರುಮಾಡಿ
ಮುಂದಕ್ಕೆ ಹೇಳದೆ ಮಲಗಿದ.
ಕಾನೂನು ಬಂದು ಅಜ್ಜ ಗದ್ದೆಯಿಂದ ಮೇಲೆ ಬಂದಾಗ
ಕಾಲು ಮುದಿಯಾಗಿತ್ತು. ಕೋಣ ಅಲ್ಲೇ ಇತ್ತು.
ಇದನ್ನು ಅವರ ಸರಪಳಿಯ ಯಾವ ಕೊಂಡಿಗೆ ಸಿಕ್ಕಿಸಲಿ?

ಮಗ್ರಿಬ್ ಹೊತ್ತಿಗೆ ಸುಡಾನಿನ ತಾಜುಸ್ಸಿರ್ ಒಂಟೆ ತಂದ,
ಹೊಸ ಸವಾರನ ಅಳತೆಗೆಂದು.
ಹೊರಗೆ ಮಂಡಿಯೂರಿ ಮೆಲುಕು ಹಾಕುತ್ತಿತ್ತು, ರೆಪ್ಪೆಗಳಲ್ಲಿ ಮರಳು.
ಒಳಗೆ ನಾನು ಗುಂಡಿ ಒತ್ತಿದೆ.
ಬರೀ ಮೋಟಾರು. ಚಾಟಿ ಇನ್ನೂ ಸಿಕ್ಕಿಸಿರಲಿಲ್ಲ.

ಮೆಲುಕು ನಿಂತಿತು.
ಮೊದಲು ಹಿಂಗಾಲು, ಆಮೇಲೆ ಮುಂಗಾಲು,
ಯಾರೂ ಹೇಳದೆ
ಅದು ಎದ್ದು ನಿಂತಿತು.