ಇನ್ನೂರು ಪದ ಮೀರದಂತೆ

ಅರ್ಜಿಯ ನಾಲ್ಕನೆಯ ಪುಟ, ಪ್ರಶ್ನೆ ಹನ್ನೊಂದು:
ನಿಮ್ಮ ಮೌಲ್ಯಗಳೇನು, ನಾಯಕತ್ವದ ಹಂಬಲವೇನು,
ಇನ್ನೂರು ಪದ ಮೀರದಂತೆ ಬರೆಯಿರಿ.

ಹೊರಮಾವಿನ ಈ ಗೇಟಿನ ಗೂಡಲ್ಲಿ ರಾತ್ರಿ ಹತ್ತೂವರೆ.
ಅಪ್ಪನ ರಿಜಿಸ್ಟರಿನ ಹಿಂಬದಿ ಹಾಳೆಯಲ್ಲಿ ನನ್ನ ಕರಡು.
ಮುಂಬದಿಯಲ್ಲಿ ಅಪ್ಪ ಸ್ಕೇಲಿಟ್ಟು ಎಳೆದ ಮನೆಗಳು:
ಹೆಸರು, ಗಾಡಿ ನಂಬರು, ಯಾರನ್ನು ನೋಡಲು,
ಬಂದ ಹೊತ್ತು, ಹೋದ ಹೊತ್ತು.

ನಾವು ಬಂದ ಹೊತ್ತು ಯಾವ ರಿಜಿಸ್ಟರಿನಲ್ಲೂ ಇಲ್ಲ.
ಅಛಾಮಿನ ಗುಡ್ಡ ಇಳಿದು, ಎರಡು ಬಸ್ಸು, ಎರಡು ರೈಲು,
ಯಶವಂತಪುರದಲ್ಲಿ ಇಳಿದಾಗ
ಅಮ್ಮನ ಕೈಲಿ ಹಿತ್ತಾಳೆಯ ಡಬರಿ,
ನನ್ನ ಕೈಲಿ ಅದರ ಮುಚ್ಚಳ. ನನಗಾಗ ಆರು.

‘ಮಾನವಸೇವೆಯೇ ನನ್ನ ಗುರಿ’ ಎಂದು ಬರೆದೆ. ಹೊಡೆದು ಹಾಕಿದೆ.
ಕೋಚಿಂಗ್ ಕ್ಲಾಸಿನ ಎಂಬತ್ತು ಜನವೂ ಅದನ್ನೇ ಬರೆದಿರುತ್ತಾರೆ,
ಕಳೆದ ವರ್ಷ ನಾನೂ ಬರೆದಿದ್ದೆ.

ಮೌಲ್ಯ ಅಂದರೆ ಬೆಲೆ ಅಂದುಕೊಂಡಿದ್ದೆ ತುಂಬಾ ದಿನ.
ಏಳನೆಯ ಕ್ಲಾಸಿನ ಪುಟ್ಟನಂಜಮ್ಮ ಮೇಡಂ ತಿದ್ದಿದರು:
‘ಬೆಲೆ ಕಟ್ಟೋಕಾಗದ್ದಕ್ಕೂ ಅದೇ ಪದ ಕಣೇ ಝುಮಾ.’

ಹಾಗಾದರೆ ಇದನ್ನು ಬರೆಯಲೇ?
ಹನ್ನೊಂದು ವರ್ಷದವಳಿದ್ದಾಗ
ಮನಕಲಾ ದೀದಿಯ ಜೊತೆ ಬೌರಿಂಗ್ ಆಸ್ಪತ್ರೆಗೆ ಹೋಗಿದ್ದು.
ಅವಳಿಗೆ ಕನ್ನಡ ಬಾರದು, ಡಾಕ್ಟರಿಗೆ ನೇಪಾಳಿ ಬಾರದು,
ನಡುವೆ ನಾನು, ಯೂನಿಫಾರಂ ಹಾಕಿಕೊಂಡ ಸೇತುವೆ.
‘ಪೇಟ್ ಪೋಲ್ಛ’ ಅಂದಳು ದೀದಿ.
ನಾನು ಪದಕ್ಕೆ ಪದ ಇಟ್ಟು, ದೊಡ್ಡ ದನಿಯಲ್ಲಿ,
‘ಸರ್, ಇವರಿಗೆ ಹೊಟ್ಟೆ ಉರಿ’ ಅಂದೆ.

ಸಾಲಿಗೆ ಸಾಲೇ ನಕ್ಕಿತು.
‘ಯಾರ ಮೇಲಮ್ಮಾ?’ ಅಂದರು ಒಬ್ಬರು.
ಯಾಕೆಂದು ತಿಳಿಯದೆ ದೀದಿಯೂ ನಕ್ಕಳು,
ಹೊಟ್ಟೆಯನ್ನು ಎರಡೂ ಕೈಲಿ ಹಿಡಿದುಕೊಂಡೇ.
ನಗದೆ ಉಳಿದವರು ಒಬ್ಬ ನರ್ಸಮ್ಮ.
ಬಂದು, ಮೊಣಕಾಲೂರಿ, ‘ಮುಟ್ಟಿ ತೋರಿಸು ತಾಯಿ’ ಅಂದರು.

ಆವತ್ತಿನಿಂದ ಒಂದು ನೋಟ್‌ಬುಕ್ಕು.
ಉರಿ, ಸೆಳೆತ, ಚಳುಕು, ಕಿವುಚು, ಹಿಂಡು,
ಎಷ್ಟೊಂದು ಹೆಸರು ಈ ಭಾಷೆಯಲ್ಲಿ ನೋವಿಗೆ!
ಎದುರಿಗೆ ಅಮ್ಮನನ್ನು ಕೇಳಿ ಕೇಳಿ ನಮ್ಮದು.
ಝಮ್‌ಝಮ್ ಎದುರಿಗೆ ಜೋಮು ಬರೆದಾಗ
ದೂರದ ನೆಂಟರು ಬಸ್ ಸ್ಟಾಪಿನಲ್ಲಿ ಸಿಕ್ಕ ಹಾಗೆ.

ನೋಟ್‌ಬುಕ್ಕು ಈಗ ನನ್ನ ಬಳಿ ಇಲ್ಲ.
ಮೊದಲು ಬಿಸ್ನಾ ಒಯ್ದಳು, ತನ್ನ ಚಿಕ್ಕಮ್ಮನ ಹೆರಿಗೆಗೆ.
ಅವಳಿಂದ ಸೆಂಟ್ರಿಂಗ್ ಕೆಲಸದವರ ಮಗಳು ಒಡಿಯಾದ ಕುನಿ.
ಕೊನೆಗೆ ನೋಡಿದಾಗ ನನ್ನ ಅಕ್ಷರದ ಪಕ್ಕ
ನನಗೆ ಓದಲು ಬಾರದ ಎರಡು ಲಿಪಿ, ಒಂದು ಟೀ ಕಲೆ.
ನಾಯಕತ್ವ ಅಂತ ಇದನ್ನು ಬರೆದರೆ
ಅರ್ಜಿ ಓದುವವರು ನಗುತ್ತಾರೇನೋ.
ನಗಲಿ. ನನಗೆ ಅಭ್ಯಾಸವಿದೆ.

ಹಂಬಲ ಕೇಳಿದ್ದಾರೆ; ಅದೂ ಇದೆ.
ಈ ಸಲ ಸೀಟು ಸಿಕ್ಕು, ಓದು ಮುಗಿದು,
ಯಾವತ್ತೋ ಒಂದು ದಿನ
ಒಂದು ಆಸ್ಪತ್ರೆ ನನ್ನ ಮಾತು ಕೇಳುವಂತಾದರೆ
ಮೊದಲ ಆರ್ಡರು ಇಷ್ಟೇ:
ಪ್ರತಿ ಡಾಕ್ಟರ ಮೇಜಿನ ಪಕ್ಕ ಎರಡು ಸ್ಟೂಲು.
ಒಂದು ರೋಗಿಗೆ.
ಇನ್ನೊಂದು ಗಿಡ್ಡದ್ದು,
ರೋಗಿಯ ಮಾತು ಹೊತ್ತು ತಂದ ಮಗುವಿಗೆ,
ಅದರ ಕಾಲು ನೆಲಕ್ಕೆ ತಾಗುವಂತೆ.

ಎಣಿಸಿದೆ. ಇನ್ನೂರ ಅರವತ್ತಾಯಿತು.
ಯಾವುದನ್ನು ತೆಗೆಯಲಿ? ದೀದಿಯ ನಗುವನ್ನೇ? ಮುಚ್ಚಳವನ್ನೇ?

‘ಏನು ಬರೀತಿದ್ದೀ?’ ಅಪ್ಪ ಕೇಳಿದ ನಮ್ಮ ಭಾಷೆಯಲ್ಲಿ.
ನಾಯಕತ್ವಕ್ಕೆ ‘ನೇತೃತ್ವ’ ಅಂದೆ.
‘ನೇತಾ ಆಗ್ತೀಯಾ?’ ವಿಷಲ್ಲು ಬಾಯಿಂದ ಜಾರುವಷ್ಟು ನಕ್ಕ.
ಅಷ್ಟರಲ್ಲಿ ನಾನೂರ ಎರಡನೆಯ ಫ್ಲ್ಯಾಟಿನ ಕಾರು,
ಹಾರ್ನಿನ ಮೇಲೆ ಹಾರ್ನು.
‘ಹೋಗಮ್ಮ ನೇತಾ, ಮೊದಲು ಗೇಟು ತೆಗೆ.’